ಮುಚ್ಚಳ ಒತ್ತಿ ಹಿಡಿಯುವ ಮನೆ

ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಯಾರೂ ಪೂರ್ತಿಯಾಗಿ ಕತ್ತರಿಸುವುದಿಲ್ಲ. ಆ ಪುಟ್ಟ ತ್ರಿಕೋನ ಪ್ಯಾಕೆಟ್ಟಿಗೇ ಒಂದೆಳೆಯಷ್ಟು ಅಂಟಿಕೊಂಡಿರುವಂತೆ ಕತ್ತರಿಯನ್ನು ತಡೆಹಿಡಿಯಬೇಕು. ಬೇರ್ಪಟ್ಟು ಬಿದ್ದರೆ ಅದು ಮೋರಿ ಸೇರುತ್ತದೆ, ಮೋರಿ ಸೇರಿದ್ದಕ್ಕೆ ಪುನರ್ಜನ್ಮವಿಲ್ಲ ಎಂಬುದು ನಮ್ಮ ಗೃಹನೀತಿ. ಹಾಲು ಸುರಿದ ಮೇಲೆ ಪ್ಯಾಕೆಟ್ಟಿನೊಳಕ್ಕೆ ಅರ್ಧ ಲೋಟ ನೀರು ಬಿಟ್ಟು, ಗಲಗಲ ಅಲುಗಿಸಿ, ಆ ಕ್ಷೀರೋದಕವನ್ನೂ ಪಾತ್ರೆಗೇ ಸೇರಿಸಿ, ಬಳಿಕ ಪ್ಯಾಕೆಟ್ಟನ್ನು ಸೀಳಿ ತೊಳೆದು, ಅಡುಗೆಮನೆಯ ಟೈಲ್ಸಿಗೆ ಅಂಟಿಸಿ ಒಣಗಿಸುವ ವಿಧಿಗಳೆಲ್ಲ ಸಾಂಗವಾಗಿ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. ಉಳಿಸಿದ್ದಕ್ಕಿಂತ ಉಕ್ಕಿಸಿದ್ದೇ ಹೆಚ್ಚಾಯಿತಲ್ಲ ಎಂದು ಕೇಳುವವರಿಗೆ, ಮಿತವ್ಯಯ ಲೆಕ್ಕದ ವಿಷಯವಲ್ಲ, ಶ್ರದ್ಧೆಯ ವಿಷಯ ಎಂದು ನಾನು ಗಂಭೀರವಾಗಿ ಉತ್ತರ ಕೊಡುತ್ತೇನೆ.

ಈ ಶ್ರದ್ಧೆ ನನಗೆ ಪಿತ್ರಾರ್ಜಿತವಾಗಿ ಬಂದದ್ದು. ಬೇರೆ ಆಸ್ತಿಯೇನೂ ಬರಲಿಲ್ಲವಾದ್ದರಿಂದ ಇದನ್ನಾದರೂ ಜತನ ಮಾಡಬೇಕೆಂಬುದು ನನ್ನ ಹಠ. ರಾಜಾಜಿನಗರದ ವಠಾರವೊಂದರಲ್ಲಿ ನಮ್ಮನ್ನೆಲ್ಲ ಸಾಕಿ ಬೆಳೆಸಿದ ನಮ್ಮ ತಂದೆ ರೇಡಿಯೋದಲ್ಲಿ ಜಾಹೀರಾತು ಬಂದ ಕೂಡಲೇ ಎದ್ದು ಹೋಗಿ ಅದನ್ನು ಆರಿಸಿಬಿಡುತ್ತಿದ್ದರು. "ಸೋಪು ಮಾರೋನು ಅವನು, ಕರೆಂಟು ಮಾತ್ರ ನಮ್ಮದಾ?" ಎಂಬುದು ಅವರ ವಾದ. ಜಾಹೀರಾತು ಮುಗಿದಿರಬಹುದೆಂದು ಅಂದಾಜು ಮಾಡಿ ಮತ್ತೆ ಹಾಕುವಷ್ಟರಲ್ಲಿ ಪಲ್ಲವಿ ಮುಗಿದು ಚರಣ ನಡೆದಿರುತ್ತಿತ್ತು. ಹೀಗಾಗಿ ನಾನು ಬಾಲ್ಯದಲ್ಲಿ ಕಲಿತ ಯಾವ ಹಾಡಿಗೂ ಆರಂಭವೇ ಇಲ್ಲ. ನಮ್ಮ ತಾಯಿಯ ಶಾಸ್ತ್ರ ಇನ್ನೂ ಸೂಕ್ಷ್ಮವಾದದ್ದು. ಅಕ್ಕನಿಗೆ ಉದ್ದಲಂಗ ಹೊಲಿಸುವಾಗಲೇ ಕೆಳಗೆ ಮಡಿಕೆಗಳನ್ನು ಹಿಡಿಸಿ, ಅವಳು ಬೆಳೆದಂತೆಲ್ಲ ಒಂದೊಂದೇ ಮಡಿಕೆಯನ್ನು ಬಿಚ್ಚುತ್ತಿದ್ದರು. ಬಿಸಿಲು ಕಾಣದ ಬಟ್ಟೆಯ ಗಾಢವಾದ ಪಟ್ಟಿಗಳನ್ನು ನೋಡಿಯೇ ಅಕ್ಕ ಎಷ್ಟು ಉದ್ದವಾದಳೆಂದು ಇಡೀ ವಠಾರಕ್ಕೆ ಗೊತ್ತಾಗುತ್ತಿತ್ತು.

ಇಂಥ ಮನೆತನದಿಂದ ಬಂದವನನ್ನು ಲೋಕ ಜಿಪುಣ ಎನ್ನುತ್ತದೆ. ನಾನು ಕನ್ನಡ ಮೇಷ್ಟ್ರು. ತಿದ್ದುವುದು ನನ್ನ ವೃತ್ತಿಧರ್ಮ. ಜಿಪುಣ ಅಲ್ಲ, ನಿಪುಣ ಎಂದು ತಿದ್ದಿಕೊಂಡು ನೆಮ್ಮದಿಯಾಗಿದ್ದೇನೆ. ಓದುಗರೇ, ನಗುವುದಕ್ಕೆ ಮುಂಚೆ ನಿಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಮ್ಮೆ ನೋಡಿ ಬನ್ನಿ. ಅಲ್ಲೊಂದು ಕವರು ತೂಗಾಡುತ್ತಿರುತ್ತದೆ. ಅದರ ತುಂಬ ಕವರುಗಳು, ಆ ಕವರುಗಳಲ್ಲಿ ಕೆಲವು ಕವರಿನೊಳಗೂ ಮತ್ತೆ ಕವರು. ಫ್ರಿಜ್ಜಿನೊಳಗಿನ ಐಸ್‌ಕ್ರೀಮ್ ಡಬ್ಬಿಯನ್ನು ಆಸೆಯಿಂದ ತೆರೆದು, ನಿನ್ನೆಯ ಹುರುಳಿಕಾಯಿ ಪಲ್ಯ ಕಂಡು ನಿಟ್ಟುಸಿರು ಬಿಟ್ಟವರಲ್ಲಿ ನೀವೂ ಒಬ್ಬರಲ್ಲವೆ? ಹಾಗಾದರೆ ನಾವು ಒಂದೇ ಗೋತ್ರದವರು, ಸಂಕೋಚವಿಲ್ಲದೆ ಮಾತು ಮುಂದುವರಿಸಬಹುದು.

ನನ್ನ ಚಿಂತೆಯಿದ್ದದ್ದು ಈ ಗೋತ್ರ ಮುಂದುವರಿಯುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ. ನಮಗಿರುವುದು ಒಬ್ಬಳೇ ಮಗಳು, ಸಿಂಧು. ಮಗು ಮಾತು ಕಲಿತ ದಿನದಿಂದ ನಾನು ಅವಳಿಗೆ ಮಿತವ್ಯಯವನ್ನು ಬೋಧಿಸಿದ್ದೇನೆ. ಕೋಣೆಯಿಂದ ಹೊರಬರುವಾಗ ಫ್ಯಾನು ಆರಿಸುವುದರ ಮಹತ್ವ, ಗೀಸರಿಗೂ ಗೃಹಸ್ಥನ ರಕ್ತದೊತ್ತಡಕ್ಕೂ ಇರುವ ಸಂಬಂಧ, ಟೂತ್‌ಪೇಸ್ಟಿನ ಹೊಟ್ಟೆ ಸೀಳಿದಾಗ ಪ್ರಾಪ್ತವಾಗುವ ಹೆಚ್ಚುವರಿ ದಿನಗಳು, ಹೀಗೆ ನನ್ನ ಉಪನ್ಯಾಸಮಾಲೆ ಊಟಕ್ಕೆ ಮೊದಲೂ ಇರುತ್ತಿತ್ತು, ಊಟದ ನಂತರವೂ ಇರುತ್ತಿತ್ತು. ಪರಿಣಾಮ ಹೇಳುತ್ತೇನೆ ಕೇಳಿ. ಅವಳು ಫೋನಿನಲ್ಲಿ ಬೆರಳಾಡಿಸಿದರೆ ಸಾಕು, ನಾನು ಪಂಚೆ ಸರಿಮಾಡಿಕೊಂಡು ಗೇಟಿಗೆ ಹೋಗುವಷ್ಟರಲ್ಲಿ ಡೆಲಿವರಿ ಹುಡುಗ ಗಾಡಿ ನಿಲ್ಲಿಸಿಕೊಂಡು, "ಅಂಕಲ್, ಸಿಂಧು ಮೇಡಂ ಪಾರ್ಸಲ್ಲು" ಎಂದು ನಿಂತಿರುತ್ತಿದ್ದ. ಕ್ರಮೇಣ ಅವನು ನನ್ನನ್ನು ಎಷ್ಟು ಹಚ್ಚಿಕೊಂಡನೆಂದರೆ, ನಡುವೆ ಒಂದು ವಾರ ಪಾರ್ಸಲ್ಲು ಬಾರದಿದ್ದಾಗ, ಬೀದಿಯಲ್ಲಿ ಗಾಡಿ ನಿಲ್ಲಿಸಿ ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆಯೇ ಎಂದು ವಿಚಾರಿಸಿದ.

ಇದರ ನಡುವೆ ಒಂದು ಬೇಸಗೆಯಲ್ಲಿ ಅವಳಿಗೆ ಸರಳ ಜೀವನದ ಮೇಲೆ ಪ್ರೀತಿ ಹುಟ್ಟಿತು. ನನ್ನ ಉಪದೇಶ ಫಲಿಸಿತೆಂದು ನಾನು ಹಿಗ್ಗಿದ್ದೇ ಬಂತು. ಆ ಸರಳತೆಯೂ ಪಾರ್ಸಲ್ಲಿನಲ್ಲೇ ಬಂದಿತು. ಬಿದಿರಿನ ಬ್ರಷ್ಷು, ಸ್ಟೀಲಿನ ಹೀರುಗೊಳವೆ, ಆ ಗೊಳವೆಯನ್ನು ತೊಳೆಯುವುದಕ್ಕೊಂದು ಪುಟ್ಟ ಬ್ರಷ್ಷು, ಇವೆಲ್ಲವನ್ನೂ ಇಟ್ಟುಕೊಳ್ಳಲು ಭೂಮಿಯನ್ನು ಉಳಿಸಿರೆಂದು ಬರೆದ ಬಟ್ಟೆಯ ಚೀಲ. ಅದೇ ದಿನಗಳಲ್ಲಿ ಅವಳ ಜೊತೆ ಒಂದು ಮಾಲಿಗೆ ಹೋದಾಗ, ಗಾಜಿನ ಗೂಡಿನಲ್ಲಿ ದೀಪದ ಕೆಳಗೆ ಒಂದು ಕೌದಿಯನ್ನು ಕಂಡೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು, ಸಾಕ್ಷಾತ್ ನಮ್ಮಜ್ಜಿ ನಮಗೆ ಹೊದಿಸುತ್ತಿದ್ದಂಥದ್ದು. ಅದರ ಬೆಲೆಚೀಟಿಯನ್ನು ಓದಿದ ಮೇಲೆ ನಮ್ಮಜ್ಜಿ ಎಂಥ ಶ್ರೀಮಂತೆಯಾಗಿದ್ದಳೆಂದು ನನಗೆ ಮೊದಲ ಬಾರಿಗೆ ಅರಿವಾಯಿತು. ಉಳಿಸುವುದನ್ನೂ ಕೊಂಡುಕೊಳ್ಳಬೇಕಾದ ಕಾಲದಲ್ಲಿ ಮಗಳಿಗೆ ಏನನ್ನು ಕಲಿಸುವುದು ಎಂದು ಆ ದಿನ ನಾನು ನಿಜವಾಗಿಯೂ ಕೈಚೆಲ್ಲಿದೆ.

ಹೀಗೆ ಕೈಚೆಲ್ಲಿ ಕೂತಿದ್ದವನಿಗೆ ಕಳೆದ ವರ್ಷ ಇನ್ನೊಂದು ಸಮಾಚಾರ ಬಂತು. ಸಿಂಧು ವಿಜಯನಗರದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಗೆ ಬೆನ್ನುನೋವೆಂದು ಬಂದ ಚೇತನ್ ಎಂಬ ಹುಡುಗನಿಗೆ ಬೆನ್ನು ನೆಟ್ಟಗಾದ ಮೇಲೂ ಕ್ಲಿನಿಕ್ಕಿಗೆ ಬರುವ ಅಭ್ಯಾಸ ಹೋಗಲಿಲ್ಲ. ಅವನು ಸಜ್ಜನ, ವಿನಯವಂತ, ಮೊದಲ ಭೇಟಿಯಲ್ಲೇ ನನ್ನ ಹರಟೆಯನ್ನು ಕೊನೆಯ ತನಕ ಕೇಳಿದ ಸಹನಶೀಲ. ನಮಗೆ ಒಪ್ಪಿಗೆಯಾಗದಿರಲು ಏನೂ ಕಾರಣವಿರಲಿಲ್ಲ, ಅವನ ಬೆನ್ನುನೋವಿನ ಮೂಲವೊಂದನ್ನು ಬಿಟ್ಟರೆ. ಆ ನೋವು ಬಂದದ್ದು ಅವರ ಸ್ವಂತ ಅಂಗಡಿಯಲ್ಲಿ ವಾಷಿಂಗ್ ಮೆಷಿನ್ ಎತ್ತಿ ಇಡುವಾಗ. ರಾಜಾಜಿನಗರದ ಮುಖ್ಯರಸ್ತೆಯಲ್ಲಿ ಅವನ ತಂದೆಯದು ಗೃಹೋಪಯೋಗಿ ವಸ್ತುಗಳ ದೊಡ್ಡ ಮಳಿಗೆ. ಬಸ್ಸಿನಲ್ಲಿ ಹೋಗುವಾಗ ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಗೋಡೆಯ ತುಂಬ ಟಿವಿಗಳು, ಎಲ್ಲ ಟಿವಿಗಳಲ್ಲೂ ಒಂದೇ ಮೀನು ಈಜುತ್ತಿರುತ್ತದೆ. ಹೊರಗೆ, "ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ" ಎಂಬ ಬ್ಯಾನರು ಗಾಳಿಗೆ ಪಟಪಟಿಸುತ್ತಿರುತ್ತದೆ. ನನ್ನಂಥ ಗಿರಾಕಿಗಳೇ ಊರ ತುಂಬ ಇದ್ದಿದ್ದರೆ ಆ ಮನುಷ್ಯ ಎಂದೋ ಅಂಗಡಿ ಮುಚ್ಚಿ ಸಂನ್ಯಾಸ ತೆಗೆದುಕೊಳ್ಳಬೇಕಾಗಿತ್ತು.

ಅವನ ತಂದೆತಾಯಿ ಒಂದು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಗೆ ತಿಂಡಿಗೆ ಬರುವುದೆಂದು ನಿಶ್ಚಯವಾಯಿತು. ಮನೆ ನೋಡಿದ ಮೇಲೆ ಮುಂದಿನ ಮಾತು ಎಂದಿದ್ದರಂತೆ. ಆ ಮಾತು ಕೇಳಿದಾಗಿನಿಂದ ನನಗೆ ಮನೆಯೇ ಬೇರೆಯಾಗಿ ಕಾಣಿಸತೊಡಗಿತು. ಟೈಲ್ಸಿಗೆ ಅಂಟಿದ ಹಾಲಿನ ಪ್ಯಾಕೆಟ್ಟುಗಳು, ಮದುವೆಯ ಆಹ್ವಾನಪತ್ರಿಕೆಗಳ ಬೆನ್ನಿನಲ್ಲಿ ಬರೆದ ದಿನಸಿ ಚೀಟಿಗಳು, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಸೋಫಾ, ಯಾವುದನ್ನು ನೋಡಿದರೂ ಎದೆ ಧಸಕ್ಕೆನ್ನುತ್ತಿತ್ತು. ಹೊಸದನ್ನೇ ಉಂಡು ಹೊಸದನ್ನೇ ಉಡುವವರು ಈ ಮನೆಯಿಂದ ಹೆಣ್ಣು ತರಲು ಹಿಂಜರಿದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ನಾನು ಹೆಂಡತಿ ಸುಮಿತ್ರಳಿಗೂ ಹೇಳಿರಲಿಲ್ಲ. ಅವರ ಎದುರು ನಮ್ಮ ಮಗಳೇ ನಮ್ಮನ್ನು ಕಂಡು ನಾಚಿ ತಲೆ ತಗ್ಗಿಸಿದರೆ? ಇಷ್ಟು ವರ್ಷ ಅವಳಿಗೆ ನಾವು ಕೊಟ್ಟದ್ದು ಬರೀ ನಾಚಿಕೆಯೇ ಎಂದಾಗಿಬಿಟ್ಟರೆ ನಾನು ತಾಳುತ್ತಿರಲಿಲ್ಲ.

ಬಚ್ಚಿಡುವ ಕಾರ್ಯ ಶನಿವಾರವೇ ಶುರುವಾಯಿತು. ಎಲ್ಲವೂ ಸುಸೂತ್ರವಾಗಿ ನಡೆದು ಕೊನೆಗೆ ಉಳಿದದ್ದು ಮಿಕ್ಸಿ. ಅದನ್ನು ನಾವು ಮಿಕ್ಸಿ ಎನ್ನುವುದಿಲ್ಲ, ಮುದುಕಿ ಎನ್ನುತ್ತೇವೆ. ನಮ್ಮ ಮದುವೆಯಾದ ವರ್ಷ ಬಂದದ್ದು. ಸಿಂಧು ನಡೆಯಲು ಕಲಿಯುವ ಮುಂಚೆಯೇ ಅದರ ಮುಚ್ಚಳದ ಹಿಡಿತ ಹೋಗಿ, ಅಂದಿನಿಂದ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದೇ ಓಡಿಸಬೇಕು. ಬಿಟ್ಟರೆ ಸೂರಿಗೆಲ್ಲ ಚಟ್ನಿ. ಸ್ವಿಚ್ಚಿನ ತಿರುಗಣೆ ಬಿದ್ದುಹೋಗಿ ಮೊಂಡು ಕಡ್ಡಿಯಷ್ಟೇ ಉಳಿದಿದೆ, ಅದನ್ನು ಇಕ್ಕಳದಿಂದ ತಿರುಗಿಸಬೇಕು. ಒಂದು ಶ್ಲೋಕ ಹೇಳುವಷ್ಟು ಹೊತ್ತು ಓಡಿಸಿ, ಇನ್ನೊಂದು ಶ್ಲೋಕದಷ್ಟು ವಿಶ್ರಾಂತಿ ಕೊಡಬೇಕು. ಇಲ್ಲದಿದ್ದರೆ ಸುಟ್ಟ ವಾಸನೆ ಬರುತ್ತದೆ. ಅದರ ಆರ್ಭಟಕ್ಕೆ ಎದುರುಮನೆಯವರಿಗೆ ನಮ್ಮ ತಿಂಡಿಯ ಹೊತ್ತು ತಿಳಿಯುತ್ತದೆ. ಎಷ್ಟು ಸಲ ರಿಪೇರಿಯಾಗಿದೆಯೋ ಲೆಕ್ಕವಿಲ್ಲ. ಸುಮಿತ್ರ ಅದನ್ನು ಹಚ್ಚುವ ಮುನ್ನ, "ಬಾರಮ್ಮ, ಇವತ್ತೊಂದಿನ" ಎಂದು ಮೈದಡವುತ್ತಾಳೆ. ಸಿಂಧು ಪುಟ್ಟವಳಿದ್ದಾಗ ಸ್ಟೂಲಿನ ಮೇಲೆ ನಿಂತು ಅಮ್ಮನ ಅಂಗೈ ಮೇಲೆ ತನ್ನದನ್ನೂ ಒತ್ತಿಕೊಂಡು, ಆ ನಡುಕಕ್ಕೆ ಹಲ್ಲು ಕಟಕಟಿಸುತ್ತ ನಗುತ್ತಿದ್ದಳು.

ಮುದುಕಿಯನ್ನು ಒಂದು ದಿನ ಮರೆಮಾಡೋಣ ಎಂದಾಗ ಸುಮಿತ್ರ ನನ್ನನ್ನು ನೋಡಿದ ನೋಟ ನಾನು ಅವಳ ತವರಿನವರನ್ನೇ ಬೈದೆನೇನೋ ಎಂಬಂತಿತ್ತು. "ಅಂಗಡಿಯೋರು ಕಣೇ, ಮೊದಲು ಕಣ್ಣು ಹೋಗೋದೇ ಅಲ್ಲಿಗೆ" ಎಂದು ಪುಸಲಾಯಿಸಿ, ಹಳೆಯ ಸೀರೆಯೊಂದರಲ್ಲಿ ಸುತ್ತಿ, ಮಂಚದ ಕೆಳಗೆ ಇಟ್ಟೆ. ಬದಲಿಗೆ ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿರುವ ಹುಬ್ಬಳ್ಳಿ ಕಡೆಯ ಹೆಣ್ಣುಮಗಳ ಹೊಸ ಮಿಕ್ಸಿಯನ್ನು ಕೇಳಿ ತಂದೆ. "ಒಯ್ರಿ ಅಂಕಲ್, ಅದರಾಗೇನೈತಿ" ಎಂದು ಆಕೆ ಸಂತೋಷದಿಂದಲೇ ಕೊಟ್ಟಳು. ಕೆಂಪು ಬಣ್ಣದ, ದೀಪ ಮಿನುಗುವ, ವಿಮಾನದೊಳಗಿನ ಯಂತ್ರದಂಥ ವಸ್ತು. ಓಡಿಸುವುದು ಹೇಗೆಂದು ಕೇಳಿಕೊಂಡು ಬರಬೇಕೆಂಬ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಭಾನುವಾರ ಅವರು ಚೇತನನನ್ನೂ ಕರೆದುಕೊಂಡು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಸಿಂಧು ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ಖಾಲಿ ದೋಸೆಯ ಹಿಟ್ಟು, ಸಾಗು ಎಲ್ಲ ಸಿದ್ಧವಾಗಿತ್ತು. ತೆಂಗಿನಕಾಯಿ ಚಟ್ನಿಯನ್ನು ಮಾತ್ರ ತಾಜಾ ಇರಲೆಂದು ಉಳಿಸಿಕೊಂಡಿದ್ದೆವು. ಅತಿಥಿಗಳನ್ನು ಸೋಫಾದ ಭದ್ರವಾದ ಬದಿಯಲ್ಲಿ ಕೂರಿಸಿ ಒಳಗೆ ಬಂದರೆ ಸುಮಿತ್ರಳ ಮುಖ ಬಿಳಿಚಿಕೊಂಡಿತ್ತು. ಕೆಂಪು ಯಂತ್ರ ದೀಪ ಮಿನುಗಿಸುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ನಾನು ಒಂದು ಗುಂಡಿ ಒತ್ತಿದೆ, ಅವಳೊಂದು ಒತ್ತಿದಳು. ದೀಪ ಹಸಿರಿನಿಂದ ಕೆಂಪಾಯಿತು, ಕೆಂಪಿನಿಂದ ಹಸಿರಾಯಿತು. ನಮ್ಮ ಪಿಸುಮಾತು ಹಜಾರಕ್ಕೆ ಕೇಳಿಸಿರಬೇಕು. ಚೇತನನ ತಂದೆ ಬಾಗಿಲಲ್ಲಿ ಬಂದು ನಿಂತು, "ಏನಾದ್ರೂ ತೊಂದ್ರೆನಾ ಸಾರ್? ನಾನು ನೋಡ್ಲಾ?" ಎಂದರು. ಅಧಿಕಾರಿಗಳೇ ಬಂದರೆಂದು ನಾವು ಪಕ್ಕಕ್ಕೆ ಸರಿದೆವು. ಅವರು ತೋಳು ಮಡಚಿ, ಯಂತ್ರವನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿ, ಎಲ್ಲ ಗುಂಡಿಗಳನ್ನೂ ಒತ್ತಿ, ಕೊನೆಗೆ ತಲೆ ಕೆರೆದುಕೊಂಡರು. "ಡೆಮೊ ಕೊಡೋದೆಲ್ಲ ನಮ್ಮ ಹುಡುಗ್ರು ಸಾರ್. ನಾನು ಬಿಲ್ಲು ಮಾತ್ರ ಹಾಕೋದು."

ಆ ಗಳಿಗೆಗೆ ಸಿಂಧು ಹೂವಿನ ಪೊಟ್ಟಣ ಹಿಡಿದುಕೊಂಡು ಒಳಗೆ ಬಂದಳು. ಮೂವರು ಹಿರಿಯರು ಮಿಕ್ಸಿಯ ಸುತ್ತ ತಲೆತಗ್ಗಿಸಿ ನಿಂತಿರುವುದನ್ನು ನೋಡಿ, "ಇದ್ಯಾರ್ದು?" ಎಂದಳು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಮೇಷ್ಟ್ರ ಸನ್ನೆ ಯಾವ ವಿದ್ಯಾರ್ಥಿಗೆ ತಾನೇ ಅರ್ಥವಾಗಿದೆ? "ಅಮ್ಮಾ, ನಮ್ಮ ಮುದುಕಿ ಎಲ್ಲಿ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಸುಮಿತ್ರ ಕೋಣೆಯ ಕಡೆ ನೋಡಿದಳು. ಮನೆಯಲ್ಲಿ ಅಜ್ಜಿಯೊಬ್ಬರನ್ನು ಕೂಡಿಹಾಕಿದ್ದೇವೆಂದು ಭಾವಿಸಿದರೋ ಏನೋ, ಚೇತನನ ತಂದೆಯ ಮುಖದಲ್ಲಿ ಗಾಬರಿ ಕಾಣಿಸಿತು. ಸಿಂಧು ಹೋಗಿ, ಮಂಚದ ಕೆಳಗೆ ಬಗ್ಗಿ, ಸೀರೆಯ ಗಂಟನ್ನು ತಬ್ಬಿ ಹಿಡಿದುಕೊಂಡು ಬಂದಳು. "ಇದನ್ನ ಯಾಕಪ್ಪ ಬಚ್ಚಿಟ್ಟಿದ್ರಿ?" ಎಂದು ನನ್ನನ್ನು ಕೇಳಿದ ಅವಳ ದನಿಯಲ್ಲಿ ಅಣಕವಿರಲಿಲ್ಲ, ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನ್ನ ಎದೆಯ ಮೇಲಿಂದ ಒಂದು ಬೀಸುಕಲ್ಲು ಇಳಿದಂತಾಯಿತು. ಇನ್ನು ಅವರು ಹೆಣ್ಣು ಒಪ್ಪಲಿ, ಬಿಡಲಿ, ಅರ್ಧ ಗೆದ್ದೆ ಎಂದುಕೊಂಡೆ.

ಉಳಿದರ್ಧ ಚಟ್ನಿಯ ಕೈಯಲ್ಲಿತ್ತು. "ಚೇತನ್, ಬಾ ಇಲ್ಲಿ. ಮುಚ್ಚಳ ಒತ್ತಿ ಹಿಡ್ಕೋ. ಬಿಟ್ಯೋ, ನಿನ್ನ ಹೊಸ ಶರ್ಟು ಹೋಯ್ತು" ಎಂದು ಸಿಂಧು ಹುಡುಗನನ್ನು ಕರೆದು ನಿಲ್ಲಿಸಿ, ಇಕ್ಕಳ ಹಿಡಿದು ಕಡ್ಡಿಯನ್ನು ತಿರುಗಿಸಿದಳು. ಮುದುಕಿ ಎಂದಿನಂತೆ ಆರ್ಭಟಿಸಿತು. ಇಡೀ ದೇಹ ನಡುಗುತ್ತಿದ್ದರೂ ಹುಡುಗ ಮುಚ್ಚಳ ಬಿಡಲಿಲ್ಲ. ಆಗ ಹಜಾರದಿಂದ ಅವನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದರು. ಶಬ್ದಕ್ಕೆ ಹೆದರಿ ಬಂದರೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಅಯ್ಯೋ, ನಮ್ಮನೇದೂ ಇದೇ ಸೌಂಡು ಕಣ್ರೀ!" ಎಂದು ಮಿಕ್ಸಿಯ ಬೆನ್ನು ತಟ್ಟಿಯೇಬಿಟ್ಟರು.

"ನಮ್ಮನೇದಾ?" ಎಂದರು ಅವರ ಯಜಮಾನರು. ಆಕೆ ನಾಲಿಗೆ ಕಚ್ಚಿಕೊಂಡರು. ಆಮೇಲೆ ಬಯಲಾದ ಸತ್ಯ ಇಷ್ಟು. ಪ್ರತಿ ಹಬ್ಬಕ್ಕೂ ಗಂಡ ಅಂಗಡಿಯಿಂದ ಹೊಸದೊಂದು ಮಿಕ್ಸಿ ತಂದುಕೊಡುತ್ತಾರೆ. ಹಳೆಯದರಲ್ಲಿ ರುಬ್ಬಿದರೆ ಅವರಿಗೆ ಅವಮಾನ. ಆದರೆ ಅತ್ತೆಯ ಕಾಲದ ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಯ ಹದ ಹೊಸದಕ್ಕೆ ಬರುವುದಿಲ್ಲ. "ಇವ್ರು ಅಂಗಡಿಗೆ ಹೋಗೋದನ್ನೇ ಕಾಯ್ತಿರ್ತೀನಿ. ಹೋದ ತಕ್ಷಣ ಅಟ್ಟದಿಂದ ಇಳಿಸ್ತೀನಿ. ರುಬ್ಬಿ ಮತ್ತೆ ಹತ್ತಿಸ್ತೀನಿ" ಎಂದು ಆಕೆ ಸುಮಿತ್ರಳ ಕೈ ಹಿಡಿದುಕೊಂಡು ಹೇಳುತ್ತಿದ್ದರೆ, ಇಬ್ಬರೂ ಒಂದೇ ವಠಾರದಲ್ಲಿ ಬೆಳೆದವರ ಹಾಗೆ ಕಾಣಿಸುತ್ತಿದ್ದರು. ಚೇತನನ ತಂದೆ, "ಅದಕ್ಕೇ ಹೊಸ ಮಿಕ್ಸಿಗಳೆಲ್ಲ ಹೊಸದಾಗೇ ಇರೋದು. ನಾನು ಕಂಪನಿ ಕ್ವಾಲಿಟಿ ಅಂದ್ಕೊಂಡಿದ್ದೆ" ಎಂದರು. ಸಿಂಧು ವಿಶ್ರಾಂತಿ ಮುಗಿದ ಮುದುಕಿಯನ್ನು ಮತ್ತೆ ಓಡಿಸಿದ್ದಳಷ್ಟೆ, ನಗು ತಡೆಯಲಾರದೆ ಚೇತನ್ ಮುಚ್ಚಳ ಬಿಟ್ಟ. ಸಿಂಧು ಎಚ್ಚರಿಸಿದ್ದು ನಿಜವಾಯಿತು.

ದೋಸೆ ತಿನ್ನುತ್ತ ಕೂತಾಗ ನನ್ನ ಮನಸ್ಸು ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು, ಹಗುರಾದ ಮನಸ್ಸು ಸ್ವಭಾವತಃ ತತ್ತ್ವಶಾಸ್ತ್ರಕ್ಕೆ ಇಳಿಯುತ್ತದೆ. ನಾನು ಬೋಧಿಸಿದ ವಿಷಯಗಳಲ್ಲಿ ಮಗಳು ಒಂದರಲ್ಲೂ ಪಾಸಾಗಿರಲಿಲ್ಲ. ನಾವು ದೋಸೆ ತಿನ್ನುತ್ತಿದ್ದ ಆ ಹೊತ್ತಿನಲ್ಲೂ ಅವಳ ಕೋಣೆಯ ಫ್ಯಾನು ಖಾಲಿ ಮಂಚಕ್ಕೆ ಗಾಳಿ ಬೀಸುತ್ತಿತ್ತು. ಅವಳು ಕಲಿತದ್ದು ಯಾರೂ ಪಾಠವೇ ಮಾಡದ ವಿಷಯವನ್ನು. ಮುಪ್ಪಾದ ವಸ್ತುವನ್ನು ಅದರ ಕುಂದುಕೊರತೆಗಳ ಸಮೇತ ಬಳಸಿಕೊಂಡು ಹೋಗುವುದು, ಎಲ್ಲಿ ಒತ್ತಿ ಹಿಡಿಯಬೇಕು, ಎಷ್ಟು ಹೊತ್ತಿಗೆ ವಿಶ್ರಾಂತಿ ಕೊಡಬೇಕು ಎಂಬುದನ್ನು ಅರಿತಿರುವುದು, ಅದನ್ನು ಹೆಸರು ಹಿಡಿದು ಕರೆಯುವುದು. ಅದಕ್ಕೆ ಮಿತವ್ಯಯ ಎಂಬ ಒಣಮಾತು ಸಾಲದು, ಮಮತೆ ಎನ್ನಬೇಕು. ನಾನು ಕೊಟ್ಟದ್ದು ಉಪದೇಶ, ಅದು ಗಾಳಿಗೆ ಹೋಯಿತು; ಅವಳಮ್ಮನ ಅಂಗೈಯಿಂದ ಅವಳ ಅಂಗೈಗೆ ಹೋದದ್ದು ಮಾತ್ರ ಉಳಿಯಿತು. ಮೇಷ್ಟ್ರಾದವನಿಗೆ ಇದು ಸೋಲೇ. ಆದರೆ ಅಂಥ ಸುಖದ ಸೋಲನ್ನು ನಾನು ಇನ್ನೊಂದು ಕಂಡಿಲ್ಲ.

ಕಾಫಿ ಮುಗಿಯಿತು. ಇಂಥ ಸಂದರ್ಭಗಳಲ್ಲಿ ಗಂಡಿನ ಕಡೆಯವರು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ನಿಲ್ಲುವುದು ವಾಡಿಕೆ. ಅವರು ಲೋಟ ಕೆಳಗಿಟ್ಟ ಕೂಡಲೇ ನನ್ನ ಕಿವಿ ಆ ಮಾತಿಗೆ ಸಿದ್ಧವಾಯಿತು.

"ಸಾರ್, ನ್ಯಾಯವಾಗಿ ನಾವೀಗ ಮನೆಗೆ ಹೋಗಿ ಫೋನ್ ಮಾಡ್ತೀವಿ ಅನ್ಬೇಕು" ಎಂದರು ಚೇತನನ ತಂದೆ. "ಆದ್ರೆ ಅಂಗಡೀಲಿ ದಿನಾ ನೋಡ್ತೀನಲ್ಲ, ನೋಡ್ಕೊಂಡ್ ಬರ್ತೀವಿ ಅಂತ ಹೋದೋರು ಒಬ್ರೂ ವಾಪಸ್ ಬಂದಿಲ್ಲ. ಆ ಮಾತು ನನ್ನ ಬಾಯಲ್ಲಿ ಬರಲ್ಲ. ನಮಗೆ ಒಪ್ಪಿಗೆ. ನಿಮ್ಮದು ಹೇಳಿ."

ಜೀವಮಾನವಿಡೀ ಮಾತನ್ನೇ ಮಾರಿ ಬದುಕಿದವನು ಆ ಹೊತ್ತಿಗೆ ತಲೆಯಾಡಿಸಿದೆ, ಅಷ್ಟೆ. ಚೇತನನ ತಾಯಿ ಅರಿಸಿನ ಕುಂಕುಮದ ಬಟ್ಟಲನ್ನು ತಾವೇ ಕೇಳಿ ತೆಗೆದುಕೊಂಡು ಸಿಂಧುವಿನ ಹಣೆಗೆ ಇಟ್ಟರು.

"ಮಿಕ್ಸಿ, ಫ್ರಿಜ್ಜು ಅಂತ ನೀವೇನೂ ಯೋಚ್ನೆ ಮಾಡ್ಬೇಡಿ ಸಾರ್, ಅಂಗಡೀನೇ ಇದೆ" ಎಂದು ಬೀಗರಾದವರು ನಕ್ಕರು. ಅದಕ್ಕೆ ಸಿಂಧು, "ಅಂಕಲ್, ನಂಗೆ ಹೊಸದೇನೂ ಬೇಡ" ಎಂದು ಅಡುಗೆಮನೆಯ ಕಟ್ಟೆಯ ಕಡೆ ನೋಡಿ, "ಅಮ್ಮಾ, ಮುದುಕೀನ ನಂಗೆ ಕೊಟ್ಬಿಡು" ಎಂದಳು.

ಮಗಳು ಏನು ಕೇಳಿದರೂ ಇಲ್ಲ ಎನ್ನದ ಸುಮಿತ್ರ ಅಲ್ಲಿಯವರೆಗೆ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಈಗ ಎದ್ದು ಹೋಗಿ ಮಿಕ್ಸಿಯ ಮುಂದೆ ಅಡ್ಡಲಾಗಿ ನಿಂತುಕೊಂಡಳು.

"ಅದೊಂದು ಮಾತ್ರ ಕೇಳ್ಬೇಡ ಕಣೇ. ನೀನೂ ಹೋಗಿ, ಇವಳೂ ಹೋದ್ರೆ, ನಾನು ಬೆಳಿಗ್ಗೆ ಎದ್ದು ಯಾರನ್ನ ಮಾತಾಡಿಸ್ಲಿ?"